ಮನೆ ಕಳೆದುಕೊಂಡವರೇ ಕಟ್ಟಿದ ಮ್ಯೂಸಿಯಂ: ಕೇಪ್ ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್

ಮಲೆನಾಡ_ಅಲೆಮಾರಿ

ಕೇಪ್ ಟೌನ್‌ಗೆ ಬರುವ ನಮ್ಮವರಿಗೆ ಒಂದು ಮನವಿ. ಟೇಬಲ್ ಮೌಂಟನ್, ಪೆಂಗ್ವಿನ್, ರಾಬೆನ್ ದ್ವೀಪ ಎಲ್ಲ ನೋಡಿ. ಜೊತೆಗೆ ಅರ್ಧ ದಿನವಾದರೂ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂಗೆ ಇಟ್ಟುಕೊಳ್ಳಿ. ಊರಿನ ನಡುವೆಯೇ, ಬೈಟನ್‌ಕಾಂಟ್ ರಸ್ತೆಯ ಹಳೆಯ ಮೆಥಡಿಸ್ಟ್ ಚರ್ಚಿನ ಒಳಗಿದೆ. ನಾನು ಕೆಲಸದ ಮೇಲೆ ಬಂದು ಇದೇ ಊರಿನಲ್ಲಿರುವವಳು. ಈ ಜಾಗದ ಬಗ್ಗೆ ಕನ್ನಡದಲ್ಲಿ ಯಾರೂ ಸರಿಯಾಗಿ ಬರೆದದ್ದು ನನಗೆ ಸಿಗಲಿಲ್ಲ. ಅದಕ್ಕೇ ಇಲ್ಲಿ ಶುರು ಮಾಡುತ್ತಿದ್ದೇನೆ.

ಡಿಸ್ಟ್ರಿಕ್ಟ್ ಸಿಕ್ಸ್ ಅಂದರೆ 1867ರಲ್ಲಿ ಹೆಸರು ಪಡೆದ, ಕೇಪ್ ಟೌನ್ ಪುರಸಭೆಯ ಆರನೇ ವಾರ್ಡು. ಬೆಟ್ಟದ ಬುಡದಲ್ಲಿದೆ. ಬಂದರಿಗೆ ನಡೆದೇ ಹೋಗಬಹುದು. ಬಿಡುಗಡೆಯಾದ ಗುಲಾಮರ ಮಕ್ಕಳು ಮೊಮ್ಮಕ್ಕಳು, ಬಂದರಿನ ಕೂಲಿಗಳು, ದರ್ಜಿಗಳು, ಯುರೋಪಿನಿಂದ ಬಂದ ಯಹೂದಿಗಳು, ಕೆಲಸ ಹುಡುಕಿ ಬಂದ ಖೋಸಾ ಎಂಬ ಆಫ್ರಿಕನ್ ಜನ, ಇಂಡಿಯಾದ ಅಂಗಡಿಯವರು, ಎಲ್ಲರೂ ಅಕ್ಕಪಕ್ಕದಲ್ಲಿದ್ದರು. ಹ್ಯಾನೋವರ್ ಸ್ಟ್ರೀಟ್ ಇಲ್ಲಿನ ಮುಖ್ಯ ಬೀದಿ. ಮಸೀದಿ, ಚರ್ಚು, ಸಿನಿಮಾ ಟಾಕೀಸು, ಸಾರ್ವಜನಿಕ ಸ್ನಾನಗೃಹ ಎಲ್ಲ ಕಾಲ್ನಡಿಗೆಯ ದೂರದಲ್ಲಿದ್ದವು.

1950ರಲ್ಲಿ ಗ್ರೂಪ್ ಏರಿಯಾಸ್ ಆಕ್ಟ್ ಬಂತು. ಯಾವ ಬಣ್ಣದವರು ಯಾವ ಬಡಾವಣೆಯಲ್ಲಿ ಇರಬೇಕು ಅನ್ನುವುದನ್ನು ಸರ್ಕಾರವೇ ಗೆರೆ ಎಳೆದು ಹೇಳುವ ಕಾನೂನು. 1966ರ ಫೆಬ್ರವರಿ 11ರಂದು ಆಗಿನ ಮಂತ್ರಿ ಪಿ. ಡಬ್ಲ್ಯು. ಬೋಥಾ ಡಿಸ್ಟ್ರಿಕ್ಟ್ ಸಿಕ್ಸನ್ನು ಬಿಳಿಯರ ಜಾಗ ಎಂದು ಘೋಷಿಸಿದರು. 1968ರಿಂದ ಜನರನ್ನು ಎಬ್ಬಿಸಲು ಶುರು ಮಾಡಿದರು. 1982ರ ಹೊತ್ತಿಗೆ 60,000ಕ್ಕೂ ಹೆಚ್ಚು ಜನ ಹೊರಗೆ ಬಿದ್ದಿದ್ದರು. ಸುಮಾರು 25 ಕಿಲೋಮೀಟರ್ ದೂರದ ಕೇಪ್ ಫ್ಲ್ಯಾಟ್ಸ್ ಎಂಬ ಮರಳು ಬಯಲಿನಲ್ಲಿ ಅವರಿಗೆ ಮನೆ ಕೊಟ್ಟರು. ಹಳೆಯ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ಮಸೀದಿ, ಚರ್ಚುಗಳನ್ನು ಮಾತ್ರ ಬಿಟ್ಟರು. ಹಾಗಾಗಿ ಶುಕ್ರವಾರ ನಮಾಜಿಗೆ, ಭಾನುವಾರ ಪ್ರಾರ್ಥನೆಗೆ ಜನ ಫ್ಲ್ಯಾಟ್ಸ್‌ನಿಂದ ಬಸ್ಸು ಹತ್ತಿ ವಾಪಸ್ ಬರುತ್ತಿದ್ದರು. ಸುತ್ತ ಖಾಲಿ ಬಯಲು, ನಡುವೆ ಒಂದು ಮಸೀದಿ.

ಮ್ಯೂಸಿಯಂ ಬಾಗಿಲು ತೆರೆದದ್ದು 1994ರ ಡಿಸೆಂಬರ್ 10ರಂದು. ಮೊದಲ ಪ್ರದರ್ಶನದ ವಿಷಯ ಬೀದಿಗಳು. ಕೆಲವೇ ವಾರ ನಡೆಸೋಣ ಅಂತ ಇಟ್ಟದ್ದು. ಆದರೆ ಜನ ಬರುವುದು ನಿಲ್ಲಲೇ ಇಲ್ಲ, ಮುಚ್ಚಲು ಆಗಲಿಲ್ಲ. ನೆಲದ ಮೇಲೆ ಹಳೆಯ ಬಡಾವಣೆಯ ದೊಡ್ಡ ನಕ್ಷೆ ಬರೆದು ಮೇಲೆ ಪಾರದರ್ಶಕ ಹಾಳೆ ಹಾಸಿದ್ದಾರೆ. ಅಲ್ಲಿ ವಾಸವಿದ್ದವರು ಬಂದು, ಬಗ್ಗಿ, ತಮ್ಮ ಮನೆ ಇದ್ದ ಜಾಗದಲ್ಲಿ ತಮ್ಮ ಕೈಯಾರೆ ಹೆಸರು ಬರೆಯುತ್ತಾರೆ. ಮ್ಯೂಸಿಯಂ ವಸ್ತುಗಳನ್ನು ಮುಟ್ಟಬೇಡಿ ಅನ್ನುವ ಬೋರ್ಡು ಓದಿ ಬೆಳೆದವರು ನಾವು. ಇಲ್ಲಿ ಅದರ ಮೇಲೆ ಬರೆಯಿರಿ ಅನ್ನುತ್ತಾರೆ. ಬರೆಯುವ ಹಕ್ಕು ಮೊದಲು ಯಾರಿಗೆ ಅನ್ನುವುದೂ ಸ್ಪಷ್ಟ.

ನನ್ನ ಮಾತು ಇಷ್ಟು: ಬಣ್ಣದ ಆಧಾರದ ಮೇಲೆ ಊರನ್ನು ಒಡೆದ ಕಥೆ ಹೇಳುವ ಮ್ಯೂಸಿಯಂ, ಹೊಡೆತ ತಿಂದವರ ಕೈಯಲ್ಲೇ ಇರಬೇಕು. ಅವರ ಇವತ್ತಿನ ಬದುಕಿಗೂ ಉಪಯೋಗಕ್ಕೆ ಬರಬೇಕು. ನಿಮಗೆ ಏನನ್ನಿಸುತ್ತದೆ ಹೇಳಿ.

ದಾವಣಗೆರೆ_ಮೇಷ್ಟ್ರು

ತುಂಬಾ ಒಳ್ಳೆಯ ಬರಹ ಮೇಡಂ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ವರ್ಣಭೇದ ನೀತಿ ಅಂತ ಪಾಠದಲ್ಲಿ ಬರುತ್ತದೆ, ಮಂಡೇಲಾ 27 ವರ್ಷ ಜೈಲಿನಲ್ಲಿದ್ದರು ಅಂತ ಬರುತ್ತದೆ. ಆದರೆ ಒಂದು ಬೀದಿಯಲ್ಲಿ ಅದು ಹೇಗೆ ನಡೆಯಿತು ಅನ್ನುವುದು ಮಕ್ಕಳಿಗೆ ಗೊತ್ತಾಗುವುದೇ ಇಲ್ಲ. ಒಂದು ಪ್ರಶ್ನೆ. ಎಲ್ಲ ಕೆಡವಿದ ಮೇಲೆ ಪ್ರದರ್ಶನಕ್ಕೆ ಇಡಲು ಸಾಮಾನು ಎಲ್ಲಿಂದ ಬಂತು?

ಮಲೆನಾಡ_ಅಲೆಮಾರಿ

ಮೇಷ್ಟ್ರೇ, ಹೆಚ್ಚಿನದು ಜನರ ಮನೆಯಿಂದಲೇ ಬಂತು. ಫೋಟೋ, ಪಾತ್ರೆ, ಬಟ್ಟೆ, ಅಂಗಡಿಯ ಬೋರ್ಡು. ಆದರೆ ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಬೀದಿ ಹೆಸರಿನ ಫಲಕಗಳು. 75ರಷ್ಟಿವೆ. ಸಾಲಾಗಿ ಮೇಲಿನಿಂದ ತೂಗು ಹಾಕಿದ್ದಾರೆ. ಅವುಗಳ ಹಿಂದೆ ಒಂದು ಕಥೆ ಇದೆ. ಕೆಡವುವ ಕೆಲಸದ ಮೇಸ್ತ್ರಿಯಾಗಿದ್ದ ಒಬ್ಬ ಬಿಳಿಯ ವ್ಯಕ್ತಿ ಅವನ್ನು ಕಿತ್ತು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. ಅವಶೇಷಗಳ ಜೊತೆ ಸಮುದ್ರಕ್ಕೆ ಸುರಿಯಬೇಕಿದ್ದ ಫಲಕಗಳವು. ಎಷ್ಟೋ ವರ್ಷ ಯಾರಿಗೂ ಹೇಳಲಿಲ್ಲ. ಮ್ಯೂಸಿಯಂ ಮಾಡುವವರು ಹೋಗಿ ಮಾತಾಡಿದ ಮೇಲೆ ಕೊಟ್ಟ.

ಇದನ್ನು ಕೇಳಿದವರು ಆ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅಂತ ಕೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಮ್ಯೂಸಿಯಂನವರು ಆ ವಿಷಯವನ್ನು ಬಚ್ಚಿಡಲಿಲ್ಲ. ಫಲಕ ಯಾರ ಕೈಯಿಂದ ಬಂತು ಅನ್ನುವುದನ್ನೂ ಕಥೆಯ ಭಾಗವಾಗಿಯೇ ಹೇಳುತ್ತಾರೆ.

ಇನ್ನೊಂದು, ಹೆಸರಿನ ಬಟ್ಟೆ. ಬಿಳಿ ಬಟ್ಟೆಯ ಮೇಲೆ ಹಳೆಯ ನಿವಾಸಿಗಳು ಪೆನ್ನಿನಲ್ಲಿ ಹೆಸರು, ವಿಳಾಸ, ಎರಡು ಮಾತು ಬರೆಯುತ್ತಾರೆ. ಆಮೇಲೆ ಅದರ ಮೇಲೆ ದಾರದಿಂದ ಕಸೂತಿ ಹಾಕುತ್ತಾರೆ. ಶಾಯಿ ಮಾಸುತ್ತದೆ, ದಾರ ಉಳಿಯುತ್ತದೆ. ಉದ್ದ ಕಿಲೋಮೀಟರ್ ದಾಟಿದೆ.

ಹಳೆಪೇಟೆ_ಹುಡುಗಿ

ಅಕ್ಕಾ, ನಾನು ಮ್ಯೂಸಿಯಂ ಕ್ಷೇತ್ರದಲ್ಲೇ ಕೆಲಸ ಮಾಡುವವಳು. ಕೇಪ್ ಟೌನ್ ಬಗ್ಗೆ ಮಾತಾಡುವಾಗ ಇನ್ನೊಂದು ವಿಷಯ ಸೇರಿಸಲೇಬೇಕು. ಅಲ್ಲಿ ಬರೀ ಬಡಾವಣೆಗಳನ್ನು ಬಣ್ಣದ ಪ್ರಕಾರ ಒಡೆಯಲಿಲ್ಲ. ಮ್ಯೂಸಿಯಂಗಳನ್ನೂ ಹಾಗೇ ಒಡೆದಿದ್ದರು.

ಸೌತ್ ಆಫ್ರಿಕನ್ ಮ್ಯೂಸಿಯಂ ಅಂತ ಒಂದಿದೆ. ಮೂಲತಃ ಪ್ರಾಣಿ, ಪಕ್ಷಿ, ಪಳೆಯುಳಿಕೆಗಳ ಮ್ಯೂಸಿಯಂ. 20ನೇ ಶತಮಾನದ ಮೊದಲ ದಶಕಗಳಲ್ಲಿ ಆ ನೆಲದ ಮೂಲನಿವಾಸಿಗಳಾದ ಖೋಯ್ ಮತ್ತು ಸಾನ್ ಜನರ ಮೈಯಿಂದಲೇ ಅಚ್ಚು ತೆಗೆದು ಗೊಂಬೆ ಮಾಡಿದ್ದರು. ಬದುಕಿದ್ದ, ಹೆಸರಿದ್ದ ಮನುಷ್ಯರು ಅವರು. ಆ ಗೊಂಬೆಗಳನ್ನು ಬೇಟೆಯಾಡುವವರ ಬೀಡಿನ ದೃಶ್ಯವಾಗಿ ಜೋಡಿಸಿ ಗಾಜಿನ ಹಿಂದೆ ಇಟ್ಟಿದ್ದರು. ಶಾಲೆ ಮಕ್ಕಳು ತಿಮಿಂಗಿಲದ ಅಸ್ಥಿಪಂಜರ ನೋಡಿ, ಮುಂದೆ ಹೋಗಿ ಈ ಜನರನ್ನು ನೋಡುತ್ತಿದ್ದರು. ಬಿಳಿಯರ ಪೀಠೋಪಕರಣ, ಬೆಳ್ಳಿ ಸಾಮಾನು, ಉಡುಪು ಎಲ್ಲ ಬೇರೆ ಕಟ್ಟಡದಲ್ಲಿ, ಸಂಸ್ಕೃತಿಯ ಮ್ಯೂಸಿಯಂ ಅನ್ನುವ ಹೆಸರಿನಲ್ಲಿ. ಒಬ್ಬರು ಪ್ರಕೃತಿ, ಇನ್ನೊಬ್ಬರು ಸಂಸ್ಕೃತಿ! ಬೀಡಿನ ಆ ದೃಶ್ಯವನ್ನು ಮುಚ್ಚಿದ್ದು 2001ರಲ್ಲಿ.

ಆ ಸಂಸ್ಕೃತಿ ಮ್ಯೂಸಿಯಂ ಇದ್ದ ಕಟ್ಟಡದ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. 1679ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ತನ್ನ ಗುಲಾಮರನ್ನು ಕೂಡಿ ಹಾಕಲು ಕಟ್ಟಿಸಿದ ಮನೆ ಅದು. 1966ರಲ್ಲಿ ಅದೇ ಗೋಡೆಗಳ ಒಳಗೆ ಮ್ಯೂಸಿಯಂ ತೆರೆದು ಗ್ರೀಸ್, ರೋಮ್, ಈಜಿಪ್ಟಿನ ವಸ್ತುಗಳನ್ನೆಲ್ಲ ಇಟ್ಟರು. ಗುಲಾಮರ ಕಥೆಗೆ ಜಾಗ ಇರಲಿಲ್ಲ. 1998ರಲ್ಲಿ ಅದಕ್ಕೆ ಸ್ಲೇವ್ ಲಾಡ್ಜ್ ಅಂತಲೇ ಹೆಸರಿಟ್ಟು ಒಳಗಿನ ಪ್ರದರ್ಶನವನ್ನು ಬದಲಾಯಿಸುತ್ತಾ ಬಂದರು.

ಅದಕ್ಕೇ ಡಿಸ್ಟ್ರಿಕ್ಟ್ ಸಿಕ್ಸ್ ಜನ ಸರ್ಕಾರಿ ಮ್ಯೂಸಿಯಂ ಬಾಗಿಲು ತಟ್ಟದೆ ತಮ್ಮದೇ ಕಟ್ಟಿಕೊಂಡರು ಅನ್ನುವುದು ನನಗೆ ಸಹಜವಾಗಿ ಕಾಣುತ್ತದೆ. ಬೇರೆ ಯಾರನ್ನು ನಂಬಬೇಕಿತ್ತು?

ಕಡಲ_ಕಿನಾರೆ

ಆ ಗುಲಾಮರಲ್ಲಿ ಇಂಡಿಯಾದವರೂ ಇದ್ದರು ಅಂತ ಎಲ್ಲೋ ಓದಿದ ನೆನಪು. ಹೌದಾ?

ಹಳೆಪೇಟೆ_ಹುಡುಗಿ

ಹೌದು. ಡಚ್ಚರ ಕಾಲದಿಂದ 1808ರವರೆಗೆ ಕೇಪ್‌ಗೆ 60,000ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ತಂದರು ಅನ್ನುತ್ತಾರೆ. ಮಡಗಾಸ್ಕರ್, ಪೂರ್ವ ಆಫ್ರಿಕಾ, ಇಂಡೋನೇಷ್ಯಾದ ದ್ವೀಪಗಳು, ಜೊತೆಗೆ ಬಂಗಾಳ, ಕೋರಮಂಡಲ, ಮಲಬಾರ್ ತೀರ. ದಾಖಲೆಗಳಲ್ಲಿ ಅವರ ಹೆಸರಿನ ಮುಂದೆ ‘ವಾನ್ ಬೆಂಗಾಲೆನ್’, ‘ವಾನ್ ಮಲಬಾರ್’ ಅಂತ ಊರು ಸೇರಿಸಿ ಬರೆದಿದ್ದಾರೆ. ಮಲಬಾರ್ ನಿಮ್ಮೂರಿನಿಂದ ದೂರವೇನಲ್ಲ ಅಲ್ವಾ.

ಮಲೆನಾಡ_ಅಲೆಮಾರಿ

ಆಮೇಲೆ ಬಂದವರೂ ಇದ್ದಾರೆ, ಕಡಲ_ಕಿನಾರೆ ಅವರೇ. 19ನೇ ಶತಮಾನದ ಕೊನೆಗೆ ಗುಜರಾತಿನಿಂದ, ರತ್ನಾಗಿರಿ ಕಡೆಯ ಕೊಂಕಣದಿಂದ ವ್ಯಾಪಾರಕ್ಕೆ, ಕೆಲಸಕ್ಕೆ ಬಂದವರು. ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ಬಂದವರಿಗೆ ಕಥೆ ಹೇಳುತ್ತಿದ್ದ ನೂರ್ ಇಬ್ರಾಹಿಂ ಅವರ ಅಜ್ಜ ಸೂರತ್‌ನವರು. ಮನೆ ಕ್ಯಾಲೆಡನ್ ಸ್ಟ್ರೀಟ್‌ನಲ್ಲಿತ್ತು. ಅವರು ಪಾರಿವಾಳ ಸಾಕಿದ್ದರು. ಹೊಸ ಮನೆಗೆ ಹೋದ ಮೇಲೆ ಕೆಲವು ತಿಂಗಳು ಗೂಡಿನಲ್ಲೇ ಇಟ್ಟು ಆಮೇಲೆ ಹಾರಲು ಬಿಟ್ಟರು. ಸಂಜೆ ಒಂದೂ ಹಿಂದಿರುಗಲಿಲ್ಲ. ಮರುದಿನ ಡಿಸ್ಟ್ರಿಕ್ಟ್ ಸಿಕ್ಸ್ ಮೂಲಕ ಹೋಗುವಾಗ ನೋಡಿದರೆ, ಕೆಡವಿದ ಹಳೆಯ ಮನೆಯ ಖಾಲಿ ಜಾಗದಲ್ಲಿ ಎಲ್ಲವೂ ಕೂತಿದ್ದವು.

ಇಂಡಿಯನ್ ಅಂತ ಸರ್ಕಾರಿ ಪುಸ್ತಕದಲ್ಲಿ ಬರೆಸಿಕೊಂಡವರಿಗೆ ರೈಲ್ಯಾಂಡ್ಸ್ ಅಂತ ಬೇರೆ ಬಡಾವಣೆ ಗುರುತಿಸಿದ್ದರು. ಕಲರ್ಡ್, ಅಂದರೆ ಮಿಶ್ರ ಮೂಲದವರು, ಅಂತ ಬರೆಸಿಕೊಂಡವರಿಗೆ ಹ್ಯಾನೋವರ್ ಪಾರ್ಕ್, ಮ್ಯಾನೆನ್‌ಬರ್ಗ್, ಬಾಂಟೆಹ್ಯೂವೆಲ್. ಆಫ್ರಿಕನ್ನರಿಗೆ ಲಂಗಾ, ಗುಗುಲೆತು. ಒಂದೇ ಕುಟುಂಬದ ಅಣ್ಣ ಒಂದು ಪಟ್ಟಿಯಲ್ಲಿ, ತಂಗಿ ಇನ್ನೊಂದು ಪಟ್ಟಿಯಲ್ಲಿ ಬಿದ್ದದ್ದೂ ಇದೆ. 1950ರ ಜನಸಂಖ್ಯಾ ನೋಂದಣಿ ಕಾನೂನು ಅದನ್ನೇ ಮಾಡಿತು. ಮೊದಲು ಮನುಷ್ಯನಿಗೆ ಚೀಟಿ ಅಂಟಿಸು, ಆಮೇಲೆ ಚೀಟಿ ನೋಡಿ ಮನೆ ಕೊಡು. ಎರಡೂ ಕಾನೂನು ಒಂದೇ ವರ್ಷ ಬಂದದ್ದು ಸುಮ್ನೆ ಅಲ್ಲ.

ತುಂಗಾ_ತಟ

ಎಲ್ಲ ಸರಿ. ಆದರೆ ನನಗೆ ಒಂದು ತಕರಾರಿದೆ, ನೇರವಾಗಿ ಹೇಳುತ್ತೇನೆ. ಮನೆ ಕಳೆದುಕೊಂಡವನಿಗೆ ಮನೆ ಬೇಕು. ಮ್ಯೂಸಿಯಂ ಕೊಟ್ಟರೆ ಏನು ಬಂತು? ಅಲ್ಲಿಗೆ ಹೋಗಿ ಕಣ್ಣು ಒದ್ದೆ ಮಾಡಿಕೊಳ್ಳುವವರು ಹೆಚ್ಚಿನವರು ಪ್ರವಾಸಿಗಳು. ಫ್ಲ್ಯಾಟ್ಸ್‌ನಲ್ಲಿರುವ ಹೆಂಗಸು ಇವತ್ತೂ ಎರಡು ಬಸ್ಸು ಹಿಡಿದು ಊರಿಗೆ ಕೆಲಸಕ್ಕೆ ಬರಬೇಕು.

ಪೋರ್ಟ್ ಎಲಿಜಬೆತ್, ಈಗಿನ ಗೆಬೆಹಾ, ಅಲ್ಲಿ ರೆಡ್ ಲೊಕೇಶನ್ ಮ್ಯೂಸಿಯಂ ಅಂತ ಕಟ್ಟಿದರು. ನ್ಯೂ ಬ್ರೈಟನ್ ಎಂಬ ಬಡವರ ಬಡಾವಣೆಯ ಒಳಗೆ. ಅಲ್ಲಿನ ತಗಡಿನ ಮನೆಗಳು ತುಕ್ಕು ಹಿಡಿದು ಕೆಂಪಾಗಿದ್ದವು, ಅದರಿಂದ ಆ ಹೆಸರು. ವರ್ಣಭೇದದ ವಿರುದ್ಧ ಹೋರಾಡಿದ ಜಾಗ. 2006ರಲ್ಲಿ ಮ್ಯೂಸಿಯಂ ತೆರೆಯಿತು. ವಾಸ್ತುಶಿಲ್ಪಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಒಳಗೆ ತುಕ್ಕು ಹಿಡಿದ ಕಬ್ಬಿಣದ ಎತ್ತರದ ಪೆಟ್ಟಿಗೆಗಳು, ಒಂದೊಂದರಲ್ಲಿ ಒಂದೊಂದು ನೆನಪು. ಹೊರಗೆ ಬಂದರೆ ಎದುರಿಗೇ ಜನ ಕಳಪೆ ಮನೆಗಳಲ್ಲಿದ್ದಾರೆ. 2013ರಲ್ಲಿ ಅಕ್ಕಪಕ್ಕದ ಜನವೇ ನಮಗೆ ಸರಿಯಾದ ಮನೆ ಕೊಡಿ ಅಂತ ಪ್ರತಿಭಟನೆ ಮಾಡಿ ಅದನ್ನು ಮುಚ್ಚಿಸಿದರು. ವರ್ಷಗಟ್ಟಲೆ ತೆರೆಯಲಿಲ್ಲ. ಕಟ್ಟಡದಿಂದ ಸಾಮಾನು ಕಳುವಾದವು.

ಆ ಜನರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮಲೆನಾಡ_ಅಲೆಮಾರಿ

ನನಗೂ ಬರುವುದಿಲ್ಲ, ತುಂಗಾ_ತಟ ಸರ್. ನೀವು ಕೊಟ್ಟ ಉದಾಹರಣೆಯಲ್ಲೇ ಉತ್ತರ ಇದೆ ಅನ್ನಿಸುತ್ತದೆ. ರೆಡ್ ಲೊಕೇಶನ್‌ನಲ್ಲಿ ಯೋಜನೆ ಮಹಾನಗರ ಪಾಲಿಕೆಯದ್ದು. ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ಮೊದಲು ಬಂದದ್ದು ಹೋರಾಟ. 1980ರ ದಶಕದ ಕೊನೆಗೆ ದೊಡ್ಡ ತೈಲ ಕಂಪನಿಯೊಂದು ಆ ಖಾಲಿ ಜಾಗದಲ್ಲಿ ಹೊಸ ಬಡಾವಣೆ ಮಾಡಲು ಹೊರಟಿತು. ಅದರ ವಿರುದ್ಧ ‘ಹ್ಯಾಂಡ್ಸ್ ಆಫ್ ಡಿಸ್ಟ್ರಿಕ್ಟ್ ಸಿಕ್ಸ್’ ಅಂತ ಚಳವಳಿ ಎದ್ದಿತು. ನಮ್ಮನ್ನು ಕೇಳದೆ ಈ ಮಣ್ಣು ಮುಟ್ಟಬೇಡಿ ಅನ್ನುವುದು ಅವರ ಮಾತು. 1989ರಲ್ಲಿ ಮ್ಯೂಸಿಯಂ ಫೌಂಡೇಶನ್ ಹುಟ್ಟಿದ್ದು ಆ ಚಳವಳಿಯಿಂದಲೇ. ಆಗ ಕಟ್ಟಡವೂ ಇರಲಿಲ್ಲ, ಪ್ರದರ್ಶನವೂ ಇರಲಿಲ್ಲ.

1994ರಲ್ಲಿ ಭೂಮಿಯನ್ನು ಹಿಂದಿರುಗಿಸುವ ಕಾನೂನು ಬಂತು. ಕಳೆದುಕೊಂಡವರು 1998ರ ಡಿಸೆಂಬರ್ 31ರೊಳಗೆ ಅರ್ಜಿ ಹಾಕಬೇಕಿತ್ತು. ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ಬಹಳಷ್ಟು ಜನ ಬಾಡಿಗೆದಾರರು. ಬಾಡಿಗೆಗೆ ಇದ್ದವರಿಗೂ ಹಕ್ಕು ಕೇಳಲು ಅವಕಾಶ ಇತ್ತು. ಆದರೆ ಮನೆಯೇ ಇಲ್ಲದ ಮೇಲೆ, ಬೀದಿಯೂ ಇಲ್ಲದ ಮೇಲೆ, ನಾನು ಇಲ್ಲೇ ಇದ್ದೆ ಅಂತ ಹೇಳುವುದು ಹೇಗೆ? ಆಗ ನೆಲದ ಮೇಲಿನ ಆ ನಕ್ಷೆ ಕೆಲಸಕ್ಕೆ ಬಂತು. ಜನ ಅದರ ಮೇಲೆ ನಿಂತು ಅಕ್ಕಪಕ್ಕದವರನ್ನು ಗುರುತು ಹಿಡಿದರು. ಸಭೆಗಳು ಅಲ್ಲೇ ನಡೆದವು. 1997ರಲ್ಲಿ ಭೂ ಹಕ್ಕಿನ ನ್ಯಾಯಾಲಯವೇ ಆ ಚರ್ಚಿನ ಸಭಾಂಗಣದಲ್ಲಿ ಕೂತು ವಿಚಾರಣೆ ಮಾಡಿತು. ನ್ಯಾಯಾಧೀಶರು ಮ್ಯೂಸಿಯಂಗೆ ಬಂದರು. ಇದಕ್ಕಿಂತ ಉಪಯೋಗದ ಪ್ರದರ್ಶನ ನನಗೆ ಬೇರೆ ಗೊತ್ತಿಲ್ಲ.

2004ರ ಫೆಬ್ರವರಿ 11ರಂದು, ಘೋಷಣೆಯಾದ ಅದೇ ತಾರೀಖಿಗೆ, ಮೊದಲ ಇಬ್ಬರಿಗೆ ಹೊಸ ಮನೆಯ ಕೀಲಿ ಸಿಕ್ಕಿತು. 87 ವರ್ಷದ ಇಬ್ರಾಹಿಂ ಮುರಾತ್, 82 ವರ್ಷದ ಡಾನ್ ಎನ್‌ಜಾಬೆಲಾ. ಕೀಲಿ ಕೊಟ್ಟವರು ನೆಲ್ಸನ್ ಮಂಡೇಲಾ.

ತುಂಗಾ_ತಟ

ಮೇಡಂ, ಅದನ್ನೇ ನಾನು ಹೇಳುವುದು. 1994ರಲ್ಲಿ ಕಾನೂನು, 2004ರಲ್ಲಿ ಮೊದಲ ಕೀಲಿ. ಆಗ ಅವರಿಗೆ ಎಂಬತ್ತು ದಾಟಿತ್ತು. ಅರ್ಜಿ ಹಾಕಿದವರು ಎರಡು ಸಾವಿರಕ್ಕೂ ಹೆಚ್ಚು. ಇಷ್ಟು ವರ್ಷಗಳಲ್ಲಿ ಕಟ್ಟಿದ ಮನೆ ಕೆಲವು ನೂರು. ಕೆಲವರು ಕಾದು ಸಾಕಾಗಿ ಪರಿಹಾರದ ಹಣ ತೆಗೆದುಕೊಂಡರು. ಕಾಯುತ್ತಲೇ ಸತ್ತವರೂ ಇದ್ದಾರೆ. ಹಕ್ಕುದಾರರು ಕೋರ್ಟಿಗೆ ಹೋಗಿ, ಮನೆ ಕಟ್ಟುವ ಯೋಜನೆ ಎಲ್ಲಿ ಅಂತ ಸರ್ಕಾರವನ್ನು ಕೇಳಿಸಬೇಕಾಯಿತು. ಮ್ಯೂಸಿಯಂ ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಮಲೆನಾಡ_ಅಲೆಮಾರಿ

ಬದಲಾಗುವುದಿಲ್ಲ. ಒಪ್ಪುತ್ತೇನೆ. ಊರಿನ ಮಧ್ಯದಲ್ಲಿ ಇಷ್ಟು ಬೆಲೆಬಾಳುವ ಜಾಗ ಇಷ್ಟು ವರ್ಷ ಖಾಲಿ ಬಿದ್ದಿರುವುದನ್ನು ನೋಡಿದರೆ ಸಿಟ್ಟೇ ಬರುತ್ತದೆ. ಒಂದು ಭಾಗದಲ್ಲಿ ಟೆಕ್ನಿಕಾನ್ ಕಾಲೇಜು ಕಟ್ಟಿದರು, ಅದೂ ಮೊದಲು ಬಿಳಿಯರಿಗೆ. ಉಳಿದದ್ದು ಹುಲ್ಲು ಬೆಳೆದ ಬಯಲಾಗಿತ್ತು. ಆದರೆ ಆ ಹೋರಾಟಗಾರರು ಅಷ್ಟು ಗಲಾಟೆ ಮಾಡದೇ ಇದ್ದಿದ್ದರೆ ಆ ಬಯಲೂ ಉಳಿಯುತ್ತಿರಲಿಲ್ಲ. ಅಪಾರ್ಟ್‌ಮೆಂಟು ಎದ್ದು, ವಾಪಸ್ ಕೊಡಲು ಜಾಗವೇ ಇರುತ್ತಿರಲಿಲ್ಲ.

ಹುಬ್ಬಳ್ಳಿ_ಮಂದಿ

ನಾನು ಕೇಪ್ ಟೌನ್‌ಗೆ ಹೋಗಿಲ್ಲ. ಜೋಹಾನ್ಸ್‌ಬರ್ಗಿನ ಅಪಾರ್ತೈಡ್ ಮ್ಯೂಸಿಯಂ ನೋಡಿದ್ದೇನೆ. ಅಲ್ಲಿ ಟಿಕೆಟ್ ಮೇಲೆ ‘ಬಿಳಿಯ’ ಅಥವಾ ‘ಬಿಳಿಯರಲ್ಲದ’ ಅಂತ ಇರುತ್ತದೆ. ನಿಮ್ಮ ಮೈಬಣ್ಣ ನೋಡಿ ಕೊಡುವುದಲ್ಲ, ಯಾರಿಗೆ ಯಾವುದು ಬರುತ್ತದೋ ಅದು. ಅದರ ಪ್ರಕಾರ ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೋಗಬೇಕು. ನಾನು ಮತ್ತು ನಮ್ಮ ಮನೆಯವರು ಬೇರೆ ಬೇರೆ ಬಾಗಿಲಲ್ಲಿ ಹೋದೆವು. ನಡುವೆ ಕಬ್ಬಿಣದ ಬೇಲಿ. ಒಳಗೆ ಒಂದು ಕೋಣೆಯಲ್ಲಿ ಛಾವಣಿಯಿಂದ ನೇಣಿನ ಹಗ್ಗಗಳು ಇಳಿಬಿದ್ದಿವೆ. ರಾಜಕೀಯ ಕೈದಿಗಳ ನೆನಪಿಗೆ. ಹೊರಗೆ ಬಂದ ಮೇಲೆ ಎಷ್ಟೋ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ. ಅದೂ ದೊಡ್ಡ ಕೆಲಸವೇ ಅಲ್ಲವಾ?

ಹಳೆಪೇಟೆ_ಹುಡುಗಿ

ದೊಡ್ಡ ಕೆಲಸವೇ ಅಣ್ಣಾ. ಅದು 2001ರಲ್ಲಿ ತೆರೆದದ್ದು. ಕ್ಯಾಸಿನೊ ಲೈಸೆನ್ಸ್ ಪಡೆಯುವವರು ಸಾರ್ವಜನಿಕರಿಗೆ ಏನಾದರೂ ಮಾಡಿಕೊಡಬೇಕು ಅನ್ನುವ ನಿಯಮದಡಿ ಕಟ್ಟಿದ್ದು. ಪಕ್ಕದಲ್ಲೇ ಗೋಲ್ಡ್ ರೀಫ್ ಸಿಟಿ ಅನ್ನುವ ಮೋಜಿನ ಉದ್ಯಾನ ಇದೆ. ಅದು ಇಡೀ ದೇಶದ ಕಥೆ ಹೇಳುತ್ತದೆ, ನೋಡುವವರ ಎದೆಗೆ ಗುದ್ದುತ್ತದೆ. ಡಿಸ್ಟ್ರಿಕ್ಟ್ ಸಿಕ್ಸ್ ಒಂದು ವಾರ್ಡಿನ ಕಥೆ ಹೇಳುತ್ತದೆ. ಅಲ್ಲಿ ನಿಮಗೆ ಕಥೆ ಹೇಳುವವರು ಹೆಚ್ಚಾಗಿ ಆ ಬೀದಿಯಲ್ಲಿ ಆಡಿ ಬೆಳೆದವರು. ಪ್ರಶ್ನೆ ಕೇಳಿದರೆ ಉತ್ತರ ಬೋರ್ಡಿನಿಂದ ಬರುವುದಿಲ್ಲ, ಮನುಷ್ಯರಿಂದ ಬರುತ್ತದೆ. ನಗರದ ಮ್ಯೂಸಿಯಂಗೆ ಈ ಎರಡನೇ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ.

ರಾಯಚೂರು_ಬಿಸಿಲು

ಒಂದು ಅನುಮಾನ ಕೇಳಲಾ ಅಕ್ಕಾ? ಹಿಂಗೆ ಹಳೆಯ ನಿವಾಸಿಗಳೇ ಹೇಳಿದರೆ ಎಲ್ಲ ಸಿಹಿಯಾಗಿಯೇ ಬರುತ್ತದಲ್ಲಾ. ಎಲ್ಲರೂ ಅಣ್ಣತಮ್ಮಂದಿರಂತೆ ಇದ್ದೆವು, ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ, ಹೀಗೆ. ಆ ಕಾಲದಲ್ಲಿ ಅಲ್ಲಿ ಬಡತನ, ಜಗಳ, ರೌಡಿಗಳು ಇರಲಿಲ್ಲವಾ?

ಮಲೆನಾಡ_ಅಲೆಮಾರಿ

ಇದ್ದರು. ಜಾಸ್ತಿಯೇ ಇದ್ದರು. ಒಂದು ಕೋಣೆಯಲ್ಲಿ ಇಡೀ ಸಂಸಾರ, ರಿಪೇರಿ ಮಾಡಿಸದೆ ಬಾಡಿಗೆ ಮಾತ್ರ ವಸೂಲಿ ಮಾಡುವ ಮಾಲೀಕರು, ಬೀದಿ ಗ್ಯಾಂಗುಗಳು. ಸರ್ಕಾರ ಕೆಡವಲು ಕೊಟ್ಟ ಕಾರಣವೇ ಅದು: ಕೊಳೆಗೇರಿ, ಅಪರಾಧ. ಅದಕ್ಕೇ ಮೊದಮೊದಲು ಜನ ಆ ವಿಷಯ ಎತ್ತಲು ಹಿಂಜರಿದರು ಅನ್ನಿಸುತ್ತದೆ. ನಾವೇ ಹೇಳಿದರೆ ಅವರ ಮಾತು ನಿಜ ಮಾಡಿದಂತೆ ಆಗುತ್ತದಲ್ಲ.

2000ದಲ್ಲಿ ಕಟ್ಟಡ ರಿಪೇರಿ ಮಾಡಿ ಹೊಸ ಪ್ರದರ್ಶನ ಇಟ್ಟಾಗ ಇನ್ನೂ ಆಳಕ್ಕೆ ಅಗೆಯೋಣ ಅಂತಲೇ ಹೊರಟರು. ಮನೆಯೊಳಗಿನ ಬದುಕು, ಹೆಂಗಸರ ಕೆಲಸ, ಕ್ಷೌರದ ಅಂಗಡಿ, ಬಟ್ಟೆ ಒಗೆಯುವ ಜಾಗ ಎಲ್ಲ ಬಂದವು. ನೋಮ್ವುಯೊ ಅವರ ಕೋಣೆ ಅಂತ ಒಂದಿದೆ. ಒಂದೇ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ, ಓದು. ಅದು ಒಂದು ಆಫ್ರಿಕನ್ ಕುಟುಂಬದ ಕೋಣೆ. ಡಿಸ್ಟ್ರಿಕ್ಟ್ ಸಿಕ್ಸ್ ಅಂದರೆ ಕಲರ್ಡ್ ಜನರ ಊರು ಅಂತಲೇ ಎಲ್ಲರೂ ಹೇಳುತ್ತಿದ್ದಾಗ ಆ ಕೋಣೆ ಬೇಕಿತ್ತು. ಹಾರ್ಸ್ಟ್‌ಲಿ ಸ್ಟ್ರೀಟ್‌ನಲ್ಲಿ ಪುರಾತತ್ವ ತಜ್ಞರು ಅಗೆದು ಹಳೆಯ ಮನೆಗಳ ಅಡಿಪಾಯ ಹೊರತೆಗೆದದ್ದೂ ಇದೇ ಕಥೆಯ ಭಾಗ. ಆಫ್ರಿಕನ್ನರನ್ನು ಆ ಬೀದಿಯಿಂದ 1966ಕ್ಕಿಂತ ಎಷ್ಟೋ ಮೊದಲೇ, 1901ರಲ್ಲಿ ಎಬ್ಬಿಸಿದ್ದರು.

ಬಸವನಗುಡಿ_ಬೆಂಚು

1901 ಅಂದಾಗ ನಾನು ನಡುವೆ ಬರಲೇಬೇಕು. ಅದು ಪ್ಲೇಗ್ ವರ್ಷ ಅಲ್ವಾ? ಹಾಂಗ್‌ಕಾಂಗ್‌ನಲ್ಲಿ 1894, ಮುಂಬೈಯಲ್ಲಿ 1896, ನಮ್ಮ ಬೆಂಗಳೂರಿನಲ್ಲಿ 1898. ಹಡಗುಗಳ ಜೊತೆ ಅದೇ ರೋಗ ಕೇಪ್ ಟೌನ್ ಬಂದರಿಗೂ ಹೋಯಿತು.

ಬೆಂಗಳೂರಿನಲ್ಲಿ ಪ್ಲೇಗ್ ಆದ ಮೇಲೆ ಪೇಟೆಯ ಇಕ್ಕಟ್ಟು ಬೀದಿಗಳಿಂದ ಜನ ಬಸವನಗುಡಿ, ಮಲ್ಲೇಶ್ವರಕ್ಕೆ ಬಂದರು. ಅಗಲ ರಸ್ತೆ, ಗಾಳಿ ಬೆಳಕು, ಆರೋಗ್ಯ ಅಂತ ಎಲ್ಲರೂ ಹೊಗಳುತ್ತೇವೆ. ಸೈಟು ಹಂಚುವಾಗ ಯಾವ ಜಾತಿಗೆ ಯಾವ ಭಾಗ ಅಂತ ಗುರುತು ಮಾಡಿದ್ದರು ಅನ್ನುವುದನ್ನು ಹೇಳುವುದಿಲ್ಲ. ನಮ್ಮ ಕಡೆ ಈ ವಿಷಯ ಒಂದು ಪ್ರದರ್ಶನವಾಗಿ ಬಂದರೆ ಎಷ್ಟು ಚೆನ್ನ.

ತುಂಗಾ_ತಟ

ಹೋಲಿಸುವಾಗ ಸ್ವಲ್ಪ ಹುಷಾರು ಸರ್. ಇಲ್ಲಿ ಹೊಸ ಬಡಾವಣೆಗೆ ಹೋದವರಲ್ಲಿ ಹೆಚ್ಚಿನವರು ಅನುಕೂಲಸ್ಥರು, ಸೈಟು ಸಿಕ್ಕವರು. ಅಲ್ಲಿ ಬಂದೂಕಿನ ಕಾವಲಿನಲ್ಲಿ ಬಡವರನ್ನು ಸಾಗಿಸಿದರು. ಜಾತಿ, ಬಣ್ಣ ಎರಡೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಬಸವನಗುಡಿ_ಬೆಂಚು

ಒಂದೇ ಅನ್ನುತ್ತಿಲ್ಲ ಸರ್. ರೋಗದ ಹೆಸರಿನಲ್ಲಿ ಊರಿನ ನಕ್ಷೆ ಬರೆದದ್ದು ಎರಡೂ ಕಡೆ ಇದೆ ಅನ್ನುವುದಷ್ಟೇ ನನ್ನ ಮಾತು. ಪೇಟೆಯಲ್ಲಿ ಉಳಿದವರು, ಪ್ಲೇಗ್ ಅಮ್ಮನಿಗೆ ಗುಡಿ ಕಟ್ಟಿಕೊಂಡವರು, ಸೈಟು ಸಿಗದವರು, ಅವರ ಕಥೆ ಎಲ್ಲಿದೆ? ಅದೇ ಪ್ರಶ್ನೆ.

ಮಲೆನಾಡ_ಅಲೆಮಾರಿ

ಈ ಕೊಂಡಿ ನಿಜವಾದದ್ದು. ಕೇಪ್ ಟೌನ್‌ನಲ್ಲಿ ಪ್ಲೇಗ್ ಬಂದಾಗ ಅಧಿಕಾರಿಗಳು ನೇರವಾಗಿ ಆಫ್ರಿಕನ್ನರ ಕಡೆ ಬೆರಳು ತೋರಿಸಿದರು. ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು ಅವರೇ, ಇಲಿಗಳ ನಡುವೆ ಕೆಲಸ ಮಾಡುತ್ತಿದ್ದವರು ಅವರೇ. 1901ರಲ್ಲಿ ಆರೇಳು ಸಾವಿರ ಜನರನ್ನು ಊರ ಹೊರಗಿನ ಉಯಿಟ್‌ವ್ಲುಗ್ಟ್ ಎಂಬಲ್ಲಿಗೆ ಸಾಗಿಸಿದರು. ಆಮೇಲೆ ಅದಕ್ಕೆ ಎನ್‌ಡಬೇನಿ ಅಂತ ಹೆಸರಾಯಿತು. ಅಲ್ಲಿಂದಲೂ ಮುಂದೆ 1920ರ ದಶಕದಲ್ಲಿ ಲಂಗಾಕ್ಕೆ ಕಳಿಸಿದರು. ತುಂಗಾ_ತಟ ಸರ್ ಹೇಳಿದ ನ್ಯೂ ಬ್ರೈಟನ್ ಕೂಡ ಅದೇ ಪ್ಲೇಗಿನ ನಂತರ, 1903ರಲ್ಲಿ ಹುಟ್ಟಿದ್ದು. ವರ್ಣಭೇದ ಅಂದರೆ 1948ರ ನ್ಯಾಷನಲ್ ಪಾರ್ಟಿ ಸರ್ಕಾರದಿಂದ ಶುರುವಾಯಿತು ಅಂತ ಓದುತ್ತೇವೆ. ಬ್ರಿಟಿಷರ ಕಾಲದಲ್ಲೇ ಆರೋಗ್ಯ ಇಲಾಖೆ ಅದರ ಅಭ್ಯಾಸ ಮಾಡಿತ್ತು.

ನನಗೆ ತುಂಬಾ ಬೇಜಾರಾಗುವ ವಿಷಯ ಇದು. ಭೂಮಿ ಹಿಂದಿರುಗಿಸುವ ಕಾನೂನಿಗೆ ಒಂದು ಗಡಿ ತಾರೀಖು ಇದೆ: 1913ರ ಜೂನ್ 19. ಅದರ ನಂತರ ಕಳೆದುಕೊಂಡವರು ಮಾತ್ರ ಕೇಳಬಹುದು. ಅಂದರೆ 1901ರಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್‌ನಿಂದ ಹೊರಬಿದ್ದವರ ಮೊಮ್ಮಕ್ಕಳಿಗೆ ಅರ್ಜಿ ಹಾಕುವ ಹಕ್ಕೇ ಇಲ್ಲ. ಕೋರ್ಟಿನಲ್ಲಿ ಅವರಿಗೆ ಜಾಗ ಇಲ್ಲ. ಅವರ ಹೆಸರು ಉಳಿಯುವುದಿದ್ದರೆ ಮ್ಯೂಸಿಯಂನಲ್ಲಿ ಮಾತ್ರ.

ತುಂಗಾ_ತಟ

ಈ 1913ರ ವಿಷಯ ನನಗೆ ಗೊತ್ತಿರಲಿಲ್ಲ. ಮನೆಯೇ ಮೊದಲು ಅನ್ನುವ ಮಾತನ್ನು ನಾನು ಬಿಡುವುದಿಲ್ಲ. ಆದರೆ ಮನೆ ಕೊಡಲು ಕಾನೂನೇ ಒಪ್ಪದವರ ಮಟ್ಟಿಗೆ ನಿಮ್ಮ ವಾದ ಗಟ್ಟಿಯಿದೆ.

ದಾವಣಗೆರೆ_ಮೇಷ್ಟ್ರು

ಇಷ್ಟನ್ನೂ ಓದಿ ಒಂದು ನಿರ್ಧಾರ ಮಾಡಿದೆ. ಈ ಸಲ ವರ್ಣಭೇದದ ಪಾಠಕ್ಕೆ ಮಕ್ಕಳ ಕೈಗೆ ಡಿಸ್ಟ್ರಿಕ್ಟ್ ಸಿಕ್ಸ್‌ನ ಒಂದು ಬೀದಿ ಕೊಡುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಮನೆ. ಆಮೇಲೆ ಕಾನೂನಿನ ಪ್ರಕಾರ ಯಾರು ಯಾವ ಬಡಾವಣೆಗೆ ಹೋಗಬೇಕು ಅಂತ ಅವರೇ ಗುರುತು ಮಾಡಲಿ. ಯಾವ ಮನೆಯವರು ಒಡೆದು ಹೋಗುತ್ತಾರೆ ಅಂತಲೂ ನೋಡಲಿ. ಮೇಡಂ, ಹಳೆಯ ನಕ್ಷೆ, ಬೀದಿ ಹೆಸರುಗಳು ಸಿಗುತ್ತವಾ? ಇನ್ನೊಂದು ಪ್ರಶ್ನೆ: ಕಥೆ ಹೇಳುವ ಹಿರಿಯರು ಹೋದ ಮೇಲೆ ಆ ಮ್ಯೂಸಿಯಂ ಗತಿ ಏನು?

ಮಲೆನಾಡ_ಅಲೆಮಾರಿ

ಮೇಷ್ಟ್ರೇ, ನಕ್ಷೆಯ ಫೋಟೋ ತೆಗೆದು ಕಳಿಸುತ್ತೇನೆ. ಹ್ಯಾನೋವರ್, ಕ್ಯಾಲೆಡನ್, ಹಾರ್ಸ್ಟ್‌ಲಿ, ಇಷ್ಟು ಬೀದಿಗಳಿಂದ ಶುರು ಮಾಡಿ. ಒಂದು ಸಲಹೆ: ಬಾಡಿಗೆದಾರರನ್ನು ಮರೆಯಬೇಡಿ. ಮಕ್ಕಳು ಮನೆ ಅಂದ ಕೂಡಲೇ ಮಾಲೀಕರನ್ನೇ ಬರೆಯುತ್ತಾರೆ.

ಎರಡನೇ ಪ್ರಶ್ನೆ ಕಷ್ಟದ್ದು. 1970ರಲ್ಲಿ ಹತ್ತು ವರ್ಷದ ಮಗುವಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಅವರ ಮಾತುಗಳನ್ನು ಮ್ಯೂಸಿಯಂನವರು ಮೊದಲಿನಿಂದಲೂ ಧ್ವನಿಮುದ್ರಣ ಮಾಡುತ್ತಾ ಬಂದಿದ್ದಾರೆ. ಫ್ಲ್ಯಾಟ್ಸ್‌ನಲ್ಲಿ ಹುಟ್ಟಿದ ಮೊಮ್ಮಕ್ಕಳ ಜೊತೆಗೂ ಕೆಲಸ ಮಾಡುತ್ತಾರೆ. 2020ರಲ್ಲಿ ಕೋವಿಡ್‌ನಿಂದ ಪ್ರವಾಸಿಗಳು ನಿಂತಾಗ ಮುಚ್ಚುವ ಸ್ಥಿತಿಗೆ ಬಂದಿತ್ತು. ಜನರೇ ಹಣ ಕೂಡಿಸಿ ಉಳಿಸಿಕೊಂಡರು. 1970ರಲ್ಲಿ ಸರ್ಕಾರ ಬಡಾವಣೆಗೆ ಇಟ್ಟ ಜೊನ್ನೆಬ್ಲೂಮ್ ಎಂಬ ಹೆಸರನ್ನು ತೆಗೆಸಿ, 2019ರಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಹೆಸರನ್ನೇ ಅಧಿಕೃತವಾಗಿ ವಾಪಸ್ ತರಿಸಿದ್ದಾರೆ. ಪ್ರತಿ ಫೆಬ್ರವರಿ 11ಕ್ಕೆ ಹಳೆಯ ನಿವಾಸಿಗಳು ಆ ಬಯಲಿಗೆ ಹೋಗಿ ಕಲ್ಲುಗಳನ್ನು ಗುಡ್ಡೆ ಹಾಕುತ್ತಾರೆ. ಈಗ ಮೊಮ್ಮಕ್ಕಳೂ ಬರುತ್ತಾರೆ.

ಯಾರಾದರೂ ಆ ಸಮಯಕ್ಕೆ ಇಲ್ಲಿಗೆ ಬರುವುದಿದ್ದರೆ ಮೊದಲೇ ತಿಳಿಸಿ. ಹೊರಗಿನ ಕಂಪನಿಯ ಗೈಡ್ ಹಿಡಿಯುವ ಬದಲು ಮ್ಯೂಸಿಯಂಗೇ ಹೇಳಿ, ಹಳೆಯ ನಿವಾಸಿಯೊಬ್ಬರ ಜೊತೆ ನಡಿಗೆ ಕೇಳಿ. ದುಡ್ಡು ನೇರವಾಗಿ ಮ್ಯೂಸಿಯಂಗೇ ಹೋಗುತ್ತದೆ.